ಉಪ್ಪುನೆಲದಲ್ಲಿ ಕೇಳಿದ ತುಳು ಮಾತು

ಸತ್ತವರು ಬಂದುಹೋದರೆಂದು ಯಾರಾದರೂ ಹೇಳಿದರೆ ನಾನು ಮೆಲ್ಲಗೆ ಮಾತು ಬದಲಿಸುತ್ತಿದ್ದೆ. ಬಹರೈನಿನ ಸಿತ್ರಾದ ಕಾರ್ಖಾನೆಯಲ್ಲಿ ಯಂತ್ರಗಳ ಜೊತೆ ಹತ್ತೊಂಬತ್ತು ವರ್ಷ ಕಳೆದವನು. ಕಾರಣವಿಲ್ಲದೆ ಏನೂ ಆಗದು ಎಂದೇ ನಂಬಿದ್ದೆ. ಈಗ ಹೇಳುವುದನ್ನು ನೀವು ನಂಬಲೇಬೇಕೆಂದು ನಾನು ಹೇಳಲಾರೆ.

ನನ್ನ ಹೆಂಡತಿ ಶಾಲಿನಿ ಇಲ್ಲಿನ ಶಾಲೆಯೊಂದರಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದಳು. ಶುಕ್ರವಾರ ಬಂತೆಂದರೆ ನನ್ನನ್ನು ಹೊರಡಿಸಿಕೊಂಡು ದಕ್ಷಿಣದ ಕಡಲಂಚಿನ ಉಪ್ಪುನೆಲಕ್ಕೆ ಹೋಗಬೇಕು. ನನ್ನ ಕಣ್ಣಿಗೆ ಅದು ಬರೀ ಬಿಳಿ ಬಯಲು. ಅವಳು ಮಂಡಿಯೂರಿ ತೋರಿಸುವಳು: ಕಡಲ ನೀರು ಬಂದುಹೋಗುವಲ್ಲಿ ಮಣಿ ಪೋಣಿಸಿದಂಥ ಕೆಂಪು ದಂಟಿನ ಗಿಡ, ಅದರ ಹಿಂದೆ ರಸ ತುಂಬಿದ ಪುಟ್ಟ ಎಲೆಯ ಪೊದೆ, ಮರಳು ಶುರುವಾಗುವಲ್ಲಿ ಚುಚ್ಚುವ ಹುಲ್ಲು.

"ಎಷ್ಟು ಉಪ್ಪು ತಡ್ಕೊಳ್ಳಿಕ್ಕೆ ಆಗ್ತದೋ ಅಷ್ಟೇ ಕಡಲಿಗೆ ಹತ್ತಿರ ಬರ್ತವೆ ನೋಡಿ," ಎನ್ನುತ್ತಿದ್ದಳು.

ಅವಳು ಕ್ಯಾನ್ಸರಿನಿಂದ ತೀರಿಕೊಂಡ ಎರಡು ತಿಂಗಳಿಗೆ, ಆ ಜಾಗಕ್ಕೆ ಮಣ್ಣು ತುಂಬಿಸುತ್ತಾರೆಂಬ ಸುದ್ದಿ ಬಂತು. ನಾಲ್ಕು ಗಿಡವಾದರೂ ಉಮ್ ಅಲ್ ಹಸ್ಸಮ್‌ನ ನಮ್ಮ ಫ್ಲ್ಯಾಟಿಗೆ ತರೋಣವೆಂದು ಬಕೆಟ್ಟು, ಕೈಗುದ್ದಲಿ ಹಿಡಿದು ಒಂದು ಶುಕ್ರವಾರ ಮಧ್ಯಾಹ್ನ ಒಬ್ಬನೇ ಹೋದೆ. ಆಗಲೇ ಬೇಲಿ ಹಾಕಿದ್ದರು. ಕಾವಲಿಗೆ ಪೇಶಾವರದ ಕಡೆಯ ವಯಸ್ಸಾದ ಮನುಷ್ಯನೊಬ್ಬನಿದ್ದ. ಕೆಲಸಕ್ಕೆ ಸೇರಿ ನಾಲ್ಕೇ ದಿನವಾಗಿತ್ತಂತೆ. ಕೇಳಿದ್ದಕ್ಕೆ ಒಳಗೆ ಬಿಟ್ಟ.

ಮಣಿಯ ಗಿಡದ ಬುಡಕ್ಕೆ ಗುದ್ದಲಿ ಇಡುವಷ್ಟರಲ್ಲಿ ಅವನು ಹಿಂದೆ ಬಂದು ನಿಂತು ಉರ್ದುವಿನಲ್ಲಿ ಕೇಳಿದ, "ಭಾಯಿ ಸಾಬ್, ನೀವು ಇಂಡಿಯಾದವರಲ್ವಾ? ಬೊಡ್ಚಿ ಅಂದ್ರೆ ಏನು?"

ಆ ಮಾತು ಅವನಿಗೆಲ್ಲಿ ಸಿಕ್ಕಿತೆಂದು ಕೇಳಿದೆ.

"ಬೆಳಿಗ್ಗೆ ಒಬ್ಬರು ಮೇಡಂ ಬಂದಿದ್ರು. ತಲೆಗೆ ಬಟ್ಟೆ ಕಟ್ಟಿದ್ರು, ತುಂಬ ಸೊರಗಿದ್ರು. ನೀವು ಕೂತಲ್ಲೇ ಕೂತಿದ್ರು. ನೀರು ಕೊಡಲಾ ಅಂದೆ. ಕೈಯಾಡಿಸಿ ಬೊಡ್ಚಿ, ಬೊಡ್ಚಿ ಅಂದ್ರು. ಆದ್ರೂ ಬಾಟಲಿ ತರೋಣ ಅಂತ ಹೋದೆ. ಬರುವಷ್ಟರಲ್ಲಿ ಇರಲಿಲ್ಲ."

ಬೊಡ್ಚಿ ಎಂದರೆ ನಮ್ಮ ತುಳುವಿನಲ್ಲಿ ಬೇಡ ಎಂದರ್ಥ. ಆಸ್ಪತ್ರೆಯಲ್ಲಿ ಶಾಲಿನಿ ನನ್ನ ಕೈ ಹಿಡಿದು ಆಡಿದ ಕಡೆಯ ಮಾತೂ ಅದೇ. ಇನ್ನೊಂದು ಸಲ ಔಷಧಿ ಏರಿಸಿ ನೋಡೋಣವೇ ಎಂದು ಡಾಕ್ಟರು ಕೇಳಿದ್ದರು. ಅವಳು ಬೇಡವೆಂದಳು. ಆದರೂ ಏರಿಸಿ ಎಂದು ನಾನು ಸಹಿ ಹಾಕಿದೆ. ಆಮೇಲಿನ ಐದು ದಿನ ಅವಳು ಗಾಜಿನಾಚೆ, ಕೊಳವೆಗಳ ನಡುವೆ ಇದ್ದಳು. ಅವಳು ಬೇಡವೆಂದಿದ್ದಳೆಂದು ನಾನು ಯಾರಿಗೂ ಹೇಳಿರಲಿಲ್ಲ.

"ಬೇಡ ಅಂತ," ಎಂದೆ.

"ಓ, ನೀರು ಬೇಡ ಅಂದ್ರಾ," ಎಂದು ಅವನು ಸಮಾಧಾನದಿಂದ ತನ್ನ ಕುರ್ಚಿಗೆ ಮರಳಿದ.

ಬಹರೈನಿನಲ್ಲಿ ತುಳು ಮಾತಾಡುವ ಹೆಂಗಸರು ಎಷ್ಟೋ ಮಂದಿ ಇದ್ದಾರೆ. ಅವರಲ್ಲೊಬ್ಬರು ಬಂದಿರಬಹುದು. ಇಲ್ಲಿರುವ ನಮ್ಮ ಊರವರಲ್ಲಿ ವಿಚಾರಿಸಿದೆ, ಅಲ್ಲಿಗೆ ಹೋಗಿದ್ದೆನೆಂದು ಯಾರೂ ಹೇಳಲಿಲ್ಲ.

ಅಂದು ನಾನು ಒಂದು ಗಿಡವನ್ನೂ ಕೀಳಲಿಲ್ಲ. ಮುಂದಿನ ವಾರ ಲಾರಿಗಳು ಬಂದು ಮಣ್ಣು ಸುರಿದವು. ಒಮ್ಮೆಯಾದರೂ ಅವಳು ಬೇಡವೆಂದ ಮಾತು ಕೇಳಿದೆನೋ, ಅವಳಿಗೆ ಪ್ರೀತಿಯಾಗಿದ್ದ, ಬದುಕಿಸಬಹುದಾಗಿದ್ದ ನಾಲ್ಕು ಗಿಡಗಳನ್ನು ಮಣ್ಣಿನಡಿಗೆ ಬಿಟ್ಟು ಬಂದೆನೋ, ನನಗೆ ಇಂದಿಗೂ ಗೊತ್ತಿಲ್ಲ.