ಇಬ್ಬರಲ್ಲಿ ಒಬ್ಬರು ಕಂಪ್ಯೂಟರ್ ಕಲಿಯಬೇಕಿತ್ತು

ತಿಪಟೂರಿನ ಕಾಲೇಜೊಂದಕ್ಕೆ ನಾನು ಗಣಿತದ ಉಪನ್ಯಾಸಕಿಯಾಗಿ ಸೇರಿದಾಗ ವಿಭಾಗದಲ್ಲಿ ನಾವಿದ್ದದ್ದು ಇಬ್ಬರೇ. ಇನ್ನೊಬ್ಬರು ನನಗಿಂತ ಬಹಳ ಹಿರಿಯರು, ತುರುವೇಕೆರೆ ಕಡೆಯವರು. ಅವರನ್ನು ನಾನು ಸರ್ ಎನ್ನುತ್ತಿದ್ದೆ. ಬೆಳಗ್ಗೆ ತೋಟಕ್ಕೆ ನೀರು ಬಿಟ್ಟು, ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಿ, ಮೊದಲ ಪೀರಿಯಡ್ಡಿಗೆ ತಪ್ಪದೆ ಬಂದುಬಿಡುತ್ತಿದ್ದರು.

ಕೆಲವು ವರ್ಷಗಳಲ್ಲಿ ಗಣಿತಕ್ಕೆ ಮಕ್ಕಳು ಕಡಿಮೆಯಾದರು. ಎಲ್ಲರಿಗೂ ಕಂಪ್ಯೂಟರ್ ಸೈನ್ಸೇ ಬೇಕಿತ್ತು. ಒಂದು ದಿನ ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದರು.

“ನಿಮ್ಮಿಬ್ಬರಲ್ಲಿ ಒಬ್ರು ಕಂಪ್ಯೂಟರ್ ಕಲಿತು ಪಾಠ ಮಾಡ್ಬೇಕಾಗುತ್ತೆ. ಇಲ್ದಿದ್ರೆ ಒಬ್ಬರಿಗೆ ಕ್ಲಾಸೇ ಇರಲ್ಲ.”

ನಾನು ಬಾಯಿ ತೆರೆಯುವ ಮೊದಲೇ ಸರ್ ಹೇಳಿದರು: “ನಾನು ಕಲೀತೀನಿ ಬುಡಿ ಸಾರ್.”

ಹೊರಗೆ ಬಂದ ಮೇಲೆ ಕೇಳಿದೆ, “ಚಿಕ್ಕವಳು ನಾನು. ನಾನು ಕಲಿಯೋದಲ್ವಾ ಸರ್ ನ್ಯಾಯ?”

“ನಿಮ್ಮ ಪಿಎಚ್‌ಡಿ ಅರ್ಧಕ್ಕೆ ನಿಂತದೆ. ಈಗ ಬಿಟ್ರೆ ಮತ್ತೆ ಕೂಡಿ ಬರಲ್ಲ ಕಣಮ್ಮ. ಮೊದ್ಲು ಅದನ್ನ ಮುಗಿಸಿ,” ಎಂದು ಕ್ಲಾಸಿಗೆ ಹೊರಟುಹೋದರು.

ಆಮೇಲೆ ಭಾನುವಾರಗಳಂದು ಅವರು ತುಮಕೂರಿಗೆ ಹೋಗಿ, ತಮ್ಮ ಶಿಷ್ಯರ ವಯಸ್ಸಿನವರ ಮಧ್ಯೆ ಕೂತು ಕಲಿತರು. ಕೀಲಿಮಣೆಯ ಮೇಲೆ ಒಂದೇ ಬೆರಳಲ್ಲಿ ಅಕ್ಷರ ಹುಡುಕುವುದನ್ನು ನೋಡಿ ನಮ್ಮ ಹುಡುಗರು ನಗುತ್ತಿದ್ದರು. ಅವರೂ ನಗುತ್ತಿದ್ದರು. ಆದರೆ ಪಾಠಕ್ಕೆ ನಿಂತಾಗ ಯಾರೂ ನಗಲಿಲ್ಲ. ಪ್ರೋಗ್ರಾಂ ಓಡಿಸುವ ಮೊದಲು ಅದು ಏನು ಮಾಡುತ್ತದೆಂದು ಹಾಳೆಯ ಮೇಲೆ ಬರೆಯದವರನ್ನು ಅವರು ಕಂಪ್ಯೂಟರ್ ಮುಟ್ಟಗೊಡುತ್ತಿರಲಿಲ್ಲ. ಗಣಿತದವರ ಶಿಸ್ತು ಅದು. ಅತ್ತ ನಾನು ನನ್ನ ಪ್ರಬಂಧ ಮುಗಿಸಿದೆ. ಪದವಿ ಬಂದ ದಿನ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕಾಫಿ ತರಿಸಿದವರು ಅವರೇ.

ಅದೇ ವರ್ಷ ಅವರ ದನಿ ಒಡೆಯತೊಡಗಿತು. ಸೀಮೆಸುಣ್ಣದ ಧೂಳು ಎಂದುಕೊಂಡೆವು. ಬೆಂಗಳೂರಿನ ಡಾಕ್ಟರು ಗಂಟಲ ಕ್ಯಾನ್ಸರ್ ಎಂದರು. ಆಪರೇಷನ್ ಆಯಿತು, ಮಾತು ನಿಂತುಹೋಯಿತು. ಸೆಮಿಸ್ಟರಿನ ನಡುವೆ ಬೇರೆ ಯಾರೂ ಸಿಗದೆ ಪ್ರಿನ್ಸಿಪಾಲರು ಅವರ ಕ್ಲಾಸುಗಳನ್ನು ನನಗೆ ವಹಿಸಿದರು. ನಾನು ಅದುವರೆಗೆ ಒಂದು ಪ್ರೋಗ್ರಾಮನ್ನೂ ಬರೆದವಳಲ್ಲ. ಶನಿವಾರ ಮಧ್ಯಾಹ್ನ ಪುಸ್ತಕ ಹಿಡಿದು ಅವರ ಮನೆಗೆ ಹೋದೆ. ಕಾಯಿಲೆಯವರನ್ನು ಪಾಠ ಕೇಳಲು ಹೊರಟಿದ್ದೇನಲ್ಲ ಎಂದು ದಾರಿಯುದ್ದಕ್ಕೂ ನಾಚಿಕೆಯಾಗುತ್ತಿತ್ತು.

ಅವರ ಹೆಂಡತಿ ಬಾಗಿಲಲ್ಲೇ ಇದ್ದರು. “ಬಾರಮ್ಮ. ನೀನು ಬತ್ತೀಯ ಅಂತ ಬೆಳಗಿಂದ ಕಾಯ್ತಾವ್ರೆ.”

ಸರ್ ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಕುತ್ತಿಗೆಗೆ ಬಿಳಿ ಬಟ್ಟೆ. ತೊಡೆಯ ಮೇಲೆ ಲ್ಯಾಪ್‌ಟಾಪ್. ನಾನು ಬಾಯಲ್ಲಿ ಕೇಳುತ್ತಿದ್ದೆ, ಅವರು ಒಂದೇ ಬೆರಳಲ್ಲಿ ಒತ್ತಿ ಉತ್ತರಿಸುತ್ತಿದ್ದರು. ಹೀಗೆ ಪ್ರತಿ ಶನಿವಾರ ನಡೆಯಿತು. ಒಂದು ಶನಿವಾರ, ಪ್ರೋಗ್ರಾಮಿನೊಳಗೆ ಫಂಕ್ಷನ್ ಎಂಬ ತುಣುಕೊಂದು ತನ್ನನ್ನೇ ಮತ್ತೆ ಕರೆದುಕೊಳ್ಳುವ ರೀತಿ ನನ್ನ ತಲೆಗೆ ಹತ್ತಲೇ ಇಲ್ಲ. ಮೂರು ಸಲ ಕೇಳಿದೆ. ಅವರಿಗೆ ಉಬ್ಬಸ. ಸಾಕು ಸರ್, ಮಲಗಿ ಎಂದೆ. ಕೈ ಅಡ್ಡ ಆಡಿಸಿ, ನಿಧಾನವಾಗಿ ಬರೆದರು:

“ಇದು ನಿಮಗೆ ಗೊತ್ತಿರುವ ಇಂಡಕ್ಷನ್ನೇ. ಅಲ್ಲಿ ಒಂದಕ್ಕೆ ಮೊದಲು ಸಾಧಿಸುತ್ತೀರಿ. ಇಲ್ಲಿ ಕರೆಯುವುದು ನಿಲ್ಲುವ ಜಾಗ ಮೊದಲು ಬರೆಯಿರಿ.”

ಒಂದಕ್ಕೆ ಸರಿಯೆಂದು ತೋರಿಸಿ, ಅಲ್ಲಿಂದ ಮೆಟ್ಟಿಲು ಹತ್ತಿದಂತೆ ಎಲ್ಲ ಸಂಖ್ಯೆಗಳಿಗೂ ಸಾಧಿಸುವುದು; ಎಷ್ಟೋ ವರ್ಷ ಕಣ್ಣು ಮುಚ್ಚಿಕೊಂಡು ಪಾಠ ಮಾಡಿದ್ದ ಇಂಡಕ್ಷನ್! ಅರ್ಥವಾಯಿತು ಎಂದು ಕೂಗಿಯೇಬಿಟ್ಟೆ. ಅವರ ಭುಜಗಳು ಅಲುಗಿದವು, ದನಿಯಿಲ್ಲದ ನಗು. ಒಳಗಿನಿಂದ ಓಡಿಬಂದ ಹೆಂಡತಿ ಏನೋ ಆಯಿತೆಂದು ಹೆದರಿದ್ದರು.

ಪ್ರಾಕ್ಟಿಕಲ್ ಪರೀಕ್ಷೆಯ ಹಿಂದಿನ ದಿನ ಸರ್ ಮಗನ ಜೊತೆ ಕಾರಿನಲ್ಲಿ ಕಾಲೇಜಿಗೆ ಬಂದರು. ಲ್ಯಾಬಿನಲ್ಲಿ ಕುರ್ಚಿ ಹಾಕಿಕೊಟ್ಟೆವು. ಕಂದಿಕೆರೆ ಕಡೆಯ ಹಟ್ಟಿಯಿಂದ ಬರುತ್ತಿದ್ದ ಹುಡುಗಿಯೊಬ್ಬಳು ತಾನು ಬರೆದ ಹಾಳೆಯನ್ನು ಅವರ ಮುಂದಿಟ್ಟಳು. ಒಂದು ಸಾಲಿನ ಮೇಲೆ ಬೆರಳಿಟ್ಟು ಅವಳ ಮುಖ ನೋಡಿದರು. ಅವಳು ಯೋಚಿಸಿ ತಿದ್ದಿದಳು. ಅವರು ತಲೆಯಾಡಿಸಿದರು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ಹಾಳೆ ತಂದರು.

ಪರೀಕ್ಷೆಯ ರಜೆಯಲ್ಲಿ ಅವರು ತೀರಿಕೊಂಡರು. ತೋಟದ ಅಂಚಿನಲ್ಲೇ ಮಣ್ಣು ಮಾಡಿದರು. ಕಾಲೇಜಿನ ಮಕ್ಕಳೆಲ್ಲ ಬಂದು ಒಂದೊಂದು ಹಿಡಿ ಮಣ್ಣು ಹಾಕಿದರು. ಅವರ ಹೆಂಡತಿ ನನ್ನ ಕೈ ಹಿಡಿದು ಕೇಳಿದರು, “ಕಂಪ್ಯೂಟರಲ್ಲಿ ಅದೇನು ಕುಟ್ತಿದ್ರೋ ನಂಗೊಂದೂ ತಿಳೀಲಿಲ್ಲ. ನಿಂಗೆ ತಿಳೀತೇನಮ್ಮ?”

“ತಿಳೀತಮ್ಮ.”

“ಹಂಗಾದ್ರೆ ಸರಿ ಬುಡು.”

ಕಾಲೇಜು ತೆರೆದಾಗ, ಕಂಪ್ಯೂಟರಿಗೆ ಬೇರೆಯವರು ಸಿಕ್ಕಿದ್ದಾರೆ, ನೀವು ಗಣಿತಕ್ಕೆ ಮರಳಬಹುದು ಎಂದರು ಪ್ರಿನ್ಸಿಪಾಲರು. ಕಂಪ್ಯೂಟರ್ ಕ್ಲಾಸುಗಳನ್ನೂ ನನಗೇ ಬಿಡಿ ಎಂದೆ. ಅಂದಿನಿಂದ ಎರಡನ್ನೂ ಕಲಿಸುತ್ತಿದ್ದೇನೆ. ಮೊದಲ ವಾರವೇ ಒಬ್ಬ ಹುಡುಗಿ ನನಗೆ ಗೊತ್ತಿಲ್ಲದ್ದನ್ನು ಕೇಳಿದಳು. ನಾಳೆ ಹೇಳುತ್ತೇನೆ ಎಂದೆ. ಹೋಗಿ ಕೇಳಲು ಯಾರೂ ಇರಲಿಲ್ಲ. ಸಂಜೆ ಲ್ಯಾಬಿನಲ್ಲೇ ಉಳಿದು, ತಪ್ಪು ಮಾಡುತ್ತಾ, ಅಳಿಸುತ್ತಾ ಕೂತೆ. ಅಟೆಂಡರ್ ಬೀಗ ಹಾಕಲು ಬರುವಷ್ಟರಲ್ಲಿ ಉತ್ತರ ಸಿಕ್ಕಿತ್ತು.