ಜೋಳದ ಕಾಳಿನ ಬಣ್ಣ

ನಾನು ಮೂವತ್ತು ವರ್ಷ ಚಿತ್ರಕಲೆಯ ಮಾಸ್ತರನಾಗಿದ್ದೆ. ಮೊದಲು ಇಂಡಿಯಲ್ಲಿ, ಆಮೇಲೆ ಸಿಂದಗಿಯಲ್ಲಿ, ಕೊನೆಗೆ ಬಸವನ ಬಾಗೇವಾಡಿ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ. ಸಿಟ್ಟಿನ ಮನುಷ್ಯ ಎಂದು ಮೂರೂ ಕಡೆ ಹೆಸರಿತ್ತು. ಬಣ್ಣದ ವಿಷಯದಲ್ಲಿ ಇವರದೇ ಕೊನೆಯ ಮಾತು ಎಂದೂ ಹೆಸರಿತ್ತು. ಮೊದಲನೆಯದಕ್ಕೆ ನಾನು ನಾಚಿಕೊಳ್ಳಲಿಲ್ಲ, ಎರಡನೆಯದಕ್ಕೆ ಹೆಮ್ಮೆಪಡುತ್ತಿದ್ದೆ. ಅದು ಬಿಟ್ಟರೆ ನನ್ನ ಹತ್ತಿರ ಹೆಮ್ಮೆಪಡುವಂಥದ್ದು ಬೇರೇನೂ ಇರಲಿಲ್ಲ.

ನಿವೃತ್ತಿಗೆ ಮೂರು ವರ್ಷ ಇದೆ ಎನ್ನುವಾಗ ಶಾಲೆಗೆ ನಾಲ್ಕು ಕಂಪ್ಯೂಟರ್ ಬಂದವು. ಕಲಿಸಲು ಒಬ್ಬರು ಬಾಯಾರೂ ಬಂದರು, ಶಿಕ್ಷಕಿಯರನ್ನು ನಮ್ಮ ಕಡೆ ಹಾಗೆ ಕರೆಯುವುದು. ನನ್ನ ಮಗಳ ವಯಸ್ಸಿನವರು, ಮನಗೂಳಿಯಿಂದ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದರು. ಅದೇ ವರ್ಷ, ವಿಜ್ಞಾನದ ಪಾಠವೊಂದನ್ನು ಚಲಿಸುವ ಚಿತ್ರವಾಗಿ ಮಾಡಿ ಬಿಜಾಪುರದಲ್ಲಿ ಜಿಲ್ಲೆಯ ಶಿಕ್ಷಕರ ಮುಂದೆ ತೋರಿಸಬೇಕೆಂದು ಮೇಲಿನಿಂದ ಕಾಗದ ಬಂತು. ಚಿತ್ರ ಮಾಸ್ತರದು, ಯಂತ್ರ ಬಾಯಾರದು ಎಂದು ಹೆಡ್‌ಮಾಸ್ತರು ಕೆಲಸ ಹಂಚಿದರು. ಪಾಠ, ಜೋಳದ ಕಾಳು ಮೊಳೆತು ತೆನೆಯಾಗುವುದು.

ಮೌಸ್ ಹಿಡಿದು ಗೆರೆ ಎಳೆಯುವುದು ಎಡಗೈಯಲ್ಲಿ ಊಟ ಮಾಡಿದಂತೆ ಕಸಿವಿಸಿಯಾಗುತ್ತಿತ್ತು. ಆದರೆ ಚಿತ್ರ ಬರೆಯುವ ಆ ತಂತ್ರಾಂಶದಲ್ಲಿ ಬಣ್ಣ ತುಂಬುವ ಒಂದು ರೀತಿ ನನ್ನನ್ನು ಹಿಡಿದು ಕೂರಿಸಿತು. ಬಾಯಾರು ಅದಕ್ಕೆ ಗ್ರೇಡಿಯಂಟ್ ಎನ್ನುತ್ತಿದ್ದರು. ಒಂದು ಬಣ್ಣ ಸದ್ದಿಲ್ಲದೆ ಕರಗಿ ಇನ್ನೊಂದಾಗುವುದು. ಆಕಾಶಕ್ಕೆ ಮೇಲಿನಿಂದ ಕೆಳಕ್ಕೆ ಇಳಿಯುವಂತೆ ಹಾಕಬಹುದು, ಕಾಳಿಗೆ ನಡುವಿನಿಂದ ಸುತ್ತ ಹರಡುವಂತೆ ಹಾಕಬಹುದು. ಒಂದು ಪಟ್ಟಿ, ಅದರ ಕೆಳಗೆ ಸಣ್ಣ ಸಣ್ಣ ಗುರುತು. ಗುರುತು ಸರಿಸಿದರೆ ಬೆಳಕು ಸರಿಯುತ್ತದೆ. ಪ್ರತಿ ಬಣ್ಣಕ್ಕೂ ಅಂಕಿಗಳಿದ್ದವು, ಕೆಂಪು ಇಷ್ಟು, ಹಸಿರು ಇಷ್ಟು, ನೀಲಿ ಇಷ್ಟು ಎಂದು. ಮಡಕೆಗೆ ಶೇಡಿಂಗ್ ಮಾಡುವುದನ್ನು ಮಕ್ಕಳಿಗೆ ಕಲಿಸಲು ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡಿದ್ದೆ. ಇಲ್ಲಿ ಒಂದು ಗುಂಡಿ ಒತ್ತಿದರೆ ವೃತ್ತ ಗುಂಡಗೆ ಉಬ್ಬಿ ಕೂರುತ್ತಿತ್ತು. ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಪಾಠದ ಮೊದಲ ಅರ್ಧ ನಿಮಿಷ ಪರದೆಯ ತುಂಬ ಒಂದೇ ಒಂದು ಕಾಳು. ನಮ್ಮ ಕಡೆಯ ಬಿಳಿಜೋಳ. ಅದರ ಬಣ್ಣ ತಪ್ಪಿದರೆ ಬಿಜಾಪುರದಲ್ಲಿ ಕೂತ ಯಾವ ಮಾಸ್ತರನೂ ಸುಮ್ಮನಿರುವವನಲ್ಲ, ಎಲ್ಲರೂ ಅದನ್ನೇ ತಿಂದು ಬೆಳೆದವರು. ನಾನು ಕಾಳು ಎದುರಿಗಿಟ್ಟುಕೊಳ್ಳಲಿಲ್ಲ. ಐವತ್ತೈದು ವರ್ಷ ನೋಡಿದ್ದನ್ನು ಮತ್ತೇನು ನೋಡುವುದು? ನಡುವೆ ಬಿಳಿ, ಅಂಚಿಗೆ ತುಸು ಕೆನೆಬಣ್ಣ ಹಾಕಿದೆ. ಪರದೆಯ ಮೇಲೆ ಅದು ಅರಿಶಿನ ಸವರಿದಂತೆ ಕಂಡಿತು. ನೀಲಿಯ ಅಂಕಿ ಏರಿಸಿದೆ. ಅದು ತುದಿ ಮುಟ್ಟಿದ ಮೇಲೆ ಕೆಂಪು, ಹಸಿರು ಇಳಿಸಿದೆ. ಕೊನೆಗೆ ನನ್ನ ನೆನಪಿನ ಬಿಳಿಜೋಳ ಬಂತು.

‘ಸರ, ಅಂಚಿಗೆ ನೀಲಿ ಜಾಸ್ತಿ ಆತೇನ್ರಿ?’ ಎಂದರು ಬಾಯಾರು.

‘ಬಾಯಾರ, ಹುಟ್ಟಿದಾಗಿಂದ ಬಿಳಿಜ್ವಾಳಾ ತಿನ್ನಾಕತ್ತೇನಿ. ಅದರ ಬಣ್ಣ ನನಗ ನೀವು ಹೇಳಬ್ಯಾಡ್ರಿ.’

ಮರುದಿನ ಅವರು ಕಾಗದದಲ್ಲಿ ನಾಲ್ಕು ಕಾಳು ಮಡಚಿಕೊಂಡು ಬಂದು ಕೀಬೋರ್ಡಿನ ಪಕ್ಕ ಇಟ್ಟರು. ‘ನಮ್ಮ ಹೊಲದ್ದರಿ ಸರ. ಮೊನ್ನಿನ ರಾಶಿ ಆಗೇತಿ.’

ನಾನು ಬಗ್ಗಿ ನೋಡಿದೆ. ಹಳದಿ. ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೂಡಿಟ್ಟ ಜೋಳ ತಿರುಗುತ್ತದಲ್ಲ, ಆ ಬಣ್ಣ. ‘ಯಾರಿಗೆ ಹೇಳ್ತೀರಿ? ಇದು ಹಗೇದಾಗಿನ ಜ್ವಾಳ. ನಿಮ್ಮ ಮನ್ಯಾಗ ಯಾರೋ ನಿಮಗ ಸುಳ್ಳ ಹೇಳ್ಯಾರ’ ಎಂದೆ. ಸ್ಟಾಫ್ ರೂಮಿನ ತನಕ ಕೇಳಿಸುವ ದನಿ ನನ್ನದು. ಬಾಯಾರು ಕಾಳುಗಳನ್ನು ಮತ್ತೆ ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕಿಕೊಂಡರು.

ಮನೆಯಲ್ಲೂ ಅದೇ ರಗಳೆ. ರೊಟ್ಟಿ ಹಳದಿ ಎಂದು ದಿನಾ ತಕರಾರು ಮಾಡುತ್ತಿದ್ದೆ. ‘ದಿನಾ ತಿನ್ನೂ ರೊಟ್ಟೀನ ಅದಾವ. ಒಮ್ಮೆ ಕಣ್ಣರ ತೋರಿಸಿಕೊಂಡ ಬರ್ರಿ’ ಎಂದು ಹೆಂಡತಿ ಅಂದಿದ್ದಳು. ಅದನ್ನು ನಾನು ಕುಹಕ ಎಂದೇ ತಿಳಿದೆ. ಧೋತರ ಹಳದಿಯಾಯಿತು, ಒಗೆಯುವಾಗ ನೀಲಿ ಹೆಚ್ಚು ಹಾಕು ಎಂದೆ. ಹಾಕಿದಳು. ಆ ಧೋತರ ಉಟ್ಟುಕೊಂಡು ಒಂದು ವರ್ಷ ಊರೆಲ್ಲ ತಿರುಗಿದೆ. ಯಾರೂ ಏನೂ ಅನ್ನಲಿಲ್ಲ.

ಅದೇ ದಿನಗಳಲ್ಲಿ ಒಂಬತ್ತನೆಯ ತರಗತಿಯವರನ್ನು ಡ್ರಾಯಿಂಗ್ ಲೋವರ್ ಗ್ರೇಡ್ ಪರೀಕ್ಷೆಗೆ ತಯಾರು ಮಾಡುತ್ತಿದ್ದೆ. ಮೇಜಿನ ಮೇಲೆ ಒಂದು ಜೋಳದ ತೆನೆ ಇಟ್ಟು ಜಲವರ್ಣದಲ್ಲಿ ಬರೆಯಲು ಹೇಳಿದೆ. ಪೆನ್ಸಿಲ್ ಹಿಡಿದರೆ ಇಡೀ ತರಗತಿಗೆ ಮುಂದಿದ್ದ ಒಬ್ಬ ಹುಡುಗಿಯ ಹಾಳೆ ನೋಡಿ ನನ್ನ ತಲೆ ಕೆಟ್ಟಿತು. ಗೆರೆ ಚೊಕ್ಕ, ಬಣ್ಣ ಕೊಳಕು. ಮೇಜಿನ ಮೇಲಿನ ತೆನೆಯೊಡನೆ ಹೋಲಿಸಿ ನೋಡುವ ಗೋಜಿಗೆ ಹೋಗಲಿಲ್ಲ. ಕೆಂಪು ಮಸಿಯಲ್ಲಿ ‘ಕೊಳೆತ ತೆನೆ’ ಎಂದು ಬರೆದು, ಹಾಳೆ ಎತ್ತಿ ಎಲ್ಲರಿಗೂ ತೋರಿಸಿದೆ. ನಕ್ಕರು. ಹೇಗೆ ಬರೆಯಬಾರದು ಎನ್ನುವುದಕ್ಕೆ ಮಾದರಿ ಇರಲಿ ಎಂದು ಹಾಳೆಯನ್ನು ಕಪಾಟಿನಲ್ಲಿ ಇಟ್ಟುಕೊಂಡೆ. ಆಕೆ ಪರೀಕ್ಷೆಯ ಫಾರ್ಮ್ ತುಂಬಲಿಲ್ಲ. ನಾನೂ ಯಾಕೆ ಎಂದು ಕೇಳಲಿಲ್ಲ.

ಬಿಜಾಪುರದಲ್ಲಿ ಪಾಠ ತೋರಿಸಿದೆವು. ಗೋಡೆಯ ಮೇಲೆ ಕಾಳು ಮೂಡಿದಾಗ ನನಗೆ ಅದು ಹಳದಿ ಕಂಡಿತು. ಪ್ರೊಜೆಕ್ಟರಿನ ಬಲ್ಬು ಕೆಟ್ಟಿದೆ ಎಂದು ಬಾಯಾರ ಕಿವಿಯಲ್ಲಿ ಗೊಣಗಿದೆ. ಅವರು ಹೌದ್ರಿ ಎಂದರು. ಜನ ಚಪ್ಪಾಳೆ ತಟ್ಟಿದರು, ಅಚ್ಚ ನಮ್ಮ ಜ್ವಾಳ ಎಂದು ಮುದ್ದೇಬಿಹಾಳದ ಮಾಸ್ತರೊಬ್ಬರು ನನ್ನ ಬೆನ್ನು ತಟ್ಟಿದರು. ಕೆಟ್ಟ ಬಲ್ಬಿನಲ್ಲೂ ನನ್ನ ಬಣ್ಣ ಗೆದ್ದಿತು ಎಂದುಕೊಂಡೆ.

ಮುಂದಿನ ವರ್ಷ ಅಕ್ಷರ ಮಸುಕಾಗತೊಡಗಿತು. ಚಷ್ಮಾ ಬದಲಿಸಲು ಹೋದೆ. ಡಾಕ್ಟರು ದೀಪ ಹಿಡಿದು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ, ಬಂದು ಬಹಳ ದಿನವಾಗಿದೆ ಎಂದರು. ‘ಬಿಳೀದು ಹಳದಿ ಕಾಣಸತೈತೇನ್ರಿ?’ ಎಂದು ಕೇಳಿದರು. ‘ಇಲ್ರಿ. ಈಗಿನ ಜ್ವಾಳನ ಹಳದಿ ಬರಾಕತ್ತೇತಿ’ ಎಂದೆ. ಅವರು ನಗಲಿಲ್ಲ, ಚೀಟಿಯಲ್ಲಿ ಏನೋ ಬರೆದುಕೊಂಡರು.

ಮೊದಲು ಬಲಗಣ್ಣಿನ ಆಪರೇಷನ್ ಮಾಡಿದರು. ಪಟ್ಟಿ ಬಿಚ್ಚಿ ಮನೆಗೆ ಬಂದ ದಿನ ನಾನು ಕಂಡ ಮೊದಲ ವಸ್ತು ಹಗ್ಗದ ಮೇಲೆ ಒಣಗುತ್ತಿದ್ದ ನನ್ನ ಧೋತರ. ಆಕಾಶದ ಬಣ್ಣ. ಎರಡನೆಯದು ತಾಟಿನಲ್ಲಿದ್ದ ರೊಟ್ಟಿ. ಬೆಳ್ಳಗಿತ್ತು. ಹೆಂಡತಿ ಎದುರಿಗೇ ಕೂತಿದ್ದಳು. ನಾನು ರೊಟ್ಟಿ ಮುರಿದು ತಿಂದೆ.

ಶಾಲೆಗೆ ಹೋದ ದಿನ ಕಂಪ್ಯೂಟರ್ ಹಾಕಿ ನನ್ನ ಪಾಠ ತೆರೆದೆ. ಪರದೆಯ ತುಂಬ ನೀಲಿ ಕಾಳು. ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ನೋಡಿದೆ, ನನ್ನ ಬಿಳಿಜೋಳ. ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ನೋಡಿದೆ, ಯಾವ ದೇಶದಲ್ಲೂ ಬೆಳೆಯದ ನೀಲಿ. ಹತ್ತು ಸಲ ಮಾಡಿದೆ. ಅಂಚಿನ ಬಣ್ಣದ ಅಂಕಿ ತೆಗೆದು ನೋಡಿದರೆ ನೀಲಿ 255, ಅದಕ್ಕಿಂತ ಮೇಲೆ ಏರಿಸಲು ಬರುವುದಿಲ್ಲ. ಅದರ ಪಕ್ಕದಲ್ಲೇ ಅದೇ ಹೆಸರಿನ ಇನ್ನೊಂದು ಫೈಲು ಇತ್ತು, ಹೆಸರಿನ ಕೊನೆಗೆ ಎರಡು ಎಂದು ಸೇರಿಸಿತ್ತು. ತೆರೆದೆ. ನಡುವೆ ಬಿಳಿ, ಅಂಚಿಗೆ ತುಸು ಕೆನೆ. ಬಿಜಾಪುರದ ಗೋಡೆಯ ಮೇಲೆ ಮೂಡಿದ್ದು, ಬೆನ್ನು ತಟ್ಟಿಸಿಕೊಂಡಿದ್ದು ಬಾಯಾರು ಗುಟ್ಟಾಗಿ ತಿದ್ದಿಟ್ಟಿದ್ದ ಈ ಕಾಳು. ಬಾಯಾರ ಮೇಲೆ ಅರ್ಧ ದಿನ ಸಿಟ್ಟು ಬಂತು. ಆಮೇಲೆ ಸಿಟ್ಟು ಮಾಡುವಷ್ಟು ಮುಖ ಉಳಿದಿರಲಿಲ್ಲ.

ಸಂಜೆ ಕಪಾಟು ತೆಗೆದೆ. ಆ ಹುಡುಗಿಯ ಹಾಳೆ ಅಲ್ಲೇ ಇತ್ತು. ಕಿಟಕಿಯ ಹತ್ತಿರ ಒಯ್ದು ಬಲಗಣ್ಣಿನಿಂದ ನೋಡಿದೆ. ಒಂದೊಂದು ಕಾಳಿಗೂ ಬೆಳಕು ಎಡದಿಂದ ಬಂದಿತ್ತು, ಬಿಳಿ ಮೆಲ್ಲಗೆ ಕೆನೆಯಾಗಿತ್ತು, ಕೆನೆ ನೆರಳಿಗೆ ಜಾರಿತ್ತು. ನಾನು ಅಂಥದ್ದನ್ನು ಯಾವತ್ತೂ ಬರೆದವನಲ್ಲ. ಅದರ ಮೇಲೆ ನನ್ನ ಕೆಂಪು ಅಕ್ಷರ.

ಆಕೆ ಆಗ ಹತ್ತನೆಯ ತರಗತಿಯಲ್ಲಿದ್ದಳು. ಮರುದಿನ ಶಾಲೆ ಬಿಟ್ಟ ಮೇಲೆ ಕರೆಸಿ ಹಾಳೆ ಮುಂದಿಟ್ಟೆ.

‘ಈ ತೆನಿ ಸರಿ ಐತಿ. ತಪ್ಪು ನನ್ನ ಕಣ್ಣಂದು.’

‘ಗೊತ್ತಿತ್ತರಿ ಸರ’ ಎಂದಳು. ‘ನಮ್ಮ ಮುದುಕಿ ಆಯಿಗೂ ಹಂಗ ಆಗಿತ್ತು. ಹಾಲು ಹಳದಿ ಆಗ್ಯಾವು, ಕೆಟ್ಟಾವು ಅಂತ ದಿನಾ ಚೆಲ್ಲತಿದ್ದಳು.’

‘ಗೊತ್ತಿದ್ರ ಅವತ್ತ ಯಾಕ ಹೇಳಲಿಲ್ಲವಾ?’

‘ಹೇಳಿದ್ರ ಕೇಳತಿದ್ದಿರೇನ್ರಿ?’

ಕೊಂಕಿನಿಂದ ಕೇಳಿದ್ದಲ್ಲ. ಉತ್ತರ ತಿಳಿದುಕೊಳ್ಳುವ ಸಲುವಾಗಿ ಕೇಳಿದಳು. ನಾನು ಇಲ್ಲ ಎಂದೆ. ಪರೀಕ್ಷೆಗೆ ಈ ಸಲ ಫಾರ್ಮ್ ತುಂಬು, ನಾನೇ ಕೂತು ಕಲಿಸುತ್ತೇನೆ ಎಂದೆ.

‘ಬ್ಯಾಡ್ರಿ ಸರ. ಬಣ್ಣದ ಡಬ್ಬಿ ತಮ್ಮಗ ಕೊಟ್ಟಬಿಟ್ಟೇನಿ.’

ಬಸ್ಸಿನ ಹೊತ್ತಾಗಿದೆ, ಹೋಗಲೇ ಎಂದು ಕೇಳಿದಳು. ಹೋಗವಾ ಎಂದೆ. ಹಾಳೆಯನ್ನು ಒಯ್ಯುತ್ತಾಳೆಂದು ಅವಳ ಕಡೆ ಸರಿಸಿದ್ದೆ. ಅವಳು ಅದನ್ನು ಮುಟ್ಟದೆ ಚೀಲ ಎತ್ತಿಕೊಂಡು ಹೋದಳು.