ಭಾವ ನೋಡಿದ ಹೆಡ್ಡು

ಗ್ಯಾರೇಜಿನಲ್ಲಿ ಮೊದಲು ಅವನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಹೆಂಡತಿಯ ತಮ್ಮನನ್ನು ತಾನೇ ಕರೆತಂದು ಕೆಲಸಕ್ಕೆ ಸೇರಿಸಿದ್ದೇ ತಡ, ಆ ಬಾಮೈದ ದಿನವಿಡೀ 'ಭಾವ, ಭಾವ' ಅಂದು ಅಂದು, ಮಾಲೀಕರಿಂದ ಹಿಡಿದು ಗಿರಾಕಿಗಳವರೆಗೆ ಎಲ್ಲರಿಗೂ ಅವನು ಭಾವನಾಗಿಬಿಟ್ಟ. ಇದೊಳ್ಳೆ ಕಥೆ! ಊರಿಗೆಲ್ಲ ಭಾವನಾಗಲು ಅವನೇನು ಊರ ಹೆಣ್ಣುಮಕ್ಕಳನ್ನೆಲ್ಲ ಕಟ್ಟಿಕೊಂಡಿದ್ದನೇ?

ಹೆಸರು ಹೋದರೆ ಹೋಗಲಿ, ಒಂದು ಮರ್ಯಾದೆ ಉಳಿದಿತ್ತು. ಎಂಜಿನ್ ವಿಪರೀತ ಕಾದು ಅದರ ಮೇಲ್ಮುಚ್ಚಳವಾದ ಹೆಡ್ಡು ಸೊಟ್ಟಗಾದರೆ ಅದನ್ನು ಬಿಚ್ಚಿ, ವಾಲ್ವುಗಳನ್ನು ತೆಗೆದು, ಮಸಿ ಕೆರೆದು, ತೊಳೆದು, ಮಟ್ಟ ಮಾಡಿಸಲು ಲೇತ್ ಅಂಗಡಿಗೆ ಒಯ್ಯಬೇಕು. ಅಲ್ಲಿಯ ಲೇತಣ್ಣ ಹೆತ್ತ ಅಪ್ಪನನ್ನೂ ನಂಬುವವನಲ್ಲ. ಬಂದ ಹೆಡ್ಡನ್ನೆಲ್ಲ ಮಗುಚಿ, ಬೆರಳಾಡಿಸಿ, ಒಂದಿಷ್ಟು ಹೆಚ್ಚುಕಮ್ಮಿ ಇದ್ದರೂ ನಾಲ್ಕು ಜನರ ಮುಂದೆ ಉಗಿದು ವಾಪಸ್ ಕಳಿಸುವ ಆಸಾಮಿ. ಭಾವನ ಹೆಡ್ಡನ್ನು ಮಾತ್ರ ನೋಡದೆಯೇ ಮಿಷನ್ನಿಗೆ ಏರಿಸುತ್ತಿದ್ದ. ಆ ನಂಬಿಕೆ ಒಂದನ್ನು ಭಾವ ಎದೆಗವಚಿಕೊಂಡು ಬದುಕಿದ್ದ.

ಮೊನ್ನೆ ಅದಕ್ಕೂ ಕಲ್ಲು ಬಿತ್ತು. "ನಿಮ್ಮ ಬಾಮೈದ ತಂದ ಹೆಡ್ಡು ನೋಡಿದೆ. ಏನು ಚೊಕ್ಕ ಕೆಲಸ ಮಾರಾಯ್ರೆ! ನಿಮ್ಮನ್ನೂ ಮೀರಿಸ್ತಾನೆ" ಅಂದ ಲೇತಣ್ಣ. ಮನೆಗೆ ಬಂದರೆ ಹೆಂಡತಿಯದ್ದೂ ಅದೇ ರಾಗ: "ರೀ, ನನ್ನ ತಮ್ಮನ್ನ ಲೇತಣ್ಣ ಹೊಗಳಿದ್ರಂತೆ, ಹೌದಾ?" ಭಾವ ತಟ್ಟೆ ಪಕ್ಕಕ್ಕೆ ಸರಿಸಿದ. ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವನು ತಾನು, ಬೈದು ತಿದ್ದಿದವನು ತಾನು, ಹೊಗಳಿಕೆ ಮಾತ್ರ ಅವನಿಗೆ!

ಮಾರನೆಯ ಬೆಳಿಗ್ಗೆ ಬಾಮೈದ ಇನ್ನೊಂದು ಹೆಡ್ಡು ಸಿದ್ಧಮಾಡಿ ಮೇಜಿನ ಮೇಲಿಟ್ಟಿದ್ದ. ಯಾವ ವಾಲ್ವು ಯಾವ ತೂತಿನದೆಂದು ಗುರುತು ಹಾಕಿ ರಟ್ಟಿನಲ್ಲಿ ಸಾಲಾಗಿ ಚುಚ್ಚಿದ್ದ. ಅದೂ ಭಾವ ಹೇಳಿಕೊಟ್ಟದ್ದೇ.

"ಒಂದ್ಸಲ ನೋಡಿ ಭಾವ. ನೀವು ಹೂಂ ಅಂದ್ರೆ ತಗೊಂಡು ಹೋಗ್ತೀನಿ."

ಭಾವ ಬಗ್ಗಿದ. ಮೂಲೆಯ ಬೋಲ್ಟಿನ ತೂತಿನಲ್ಲಿ, ಹಳೆ ಗ್ಯಾಸ್ಕೆಟ್ ಹಾಳೆಯ ಚೂರಿನಡಿ ಅರೆಮರೆಯಾಗಿ, ಪಿನ್ನೊಂದು ಕೂತಿತ್ತು. ಹೆಡ್ಡು ಎಂಜಿನ್ನಿನ ಮೇಲೆ ಸರಿಯಾಗಿ ಕೂರಲೆಂದು ಇಡುವ ಪುಟ್ಟ ಉಕ್ಕಿನ ಕೊಳವೆ ಅದು. ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿತ್ತು. ಅಲ್ಯೂಮಿನಿಯಂ ಹೆರೆಯುವ ಕಟರ್ ಅದಕ್ಕೆ ತಗುಲಿದರೆ ಕಟರೂ ಹೋಯಿತು, ಹೆಡ್ಡೂ ಹೋಯಿತು. 'ತೆಗೆಯೋ ಅದನ್ನ' ಅನ್ನಲು ಬಾಯಿ ತೆರೆದ. ಅಷ್ಟರಲ್ಲಿ ಒಳಗಿನ ಉರಿ ಕೆಲಸ ಮಾಡಿತು. ಲೇತಣ್ಣ ಹೇಗೂ ಮಗುಚಿ ನೋಡುತ್ತಾನಲ್ಲ, ಕಂಡುಹಿಡಿದು ಚೆನ್ನಾಗಿ ಉಗಿಯಲಿ, ಇವನ ಕೊಬ್ಬು ಸ್ವಲ್ಪ ಇಳಿಯಲಿ.

"ಚೆನ್ನಾಗಿದೆ, ತಗೊಂಡು ಹೋಗು" ಅಂದ.

ಮಧ್ಯಾಹ್ನ ಲೇತ್ ಅಂಗಡಿಯಿಂದ ಫೋನು. ಭಾವ ಓಡಿಹೋಗಿ ನೋಡಿದರೆ ಕಟರಿನ ಹಲ್ಲು ಮುರಿದು ಬಿದ್ದಿದೆ, ಹೆಡ್ಡಿನ ಮೈಯಲ್ಲಿ ಉಗುರು ಇಳಿಯುವಷ್ಟು ಆಳದ ಗೀರು. ಲೇತಣ್ಣ ಕೆಂಡವಾಗಿದ್ದ.

"ಭಾವ ನೋಡಿದ್ದಾರೆ ಅಂದ ಇವನು. ಅದಕ್ಕೇ ನಾನು ನೋಡದೆ ಏರಿಸ್ದೆ. ನೋಡಿದ್ರೋ ಇಲ್ವೋ, ಹೇಳಿಬಿಡಿ!"

ಭಾವ ಬಗ್ಗಿ ಮುರಿದ ಹಲ್ಲನ್ನು ಹೆಕ್ಕಿದ. ಹೌದೆಂದರೆ ಇಷ್ಟು ವರ್ಷದ ನಂಬಿಕೆ ಇಲ್ಲಿಗೇ ಮುಗಿಯಿತು. ಅಷ್ಟರಲ್ಲಿ ಬಾಮೈದ ನಡುವೆ ಬಂದ.

"ಇಲ್ಲಣ್ಣ, ಭಾವ ನೋಡೇ ಇಲ್ಲ. ಬೇಗ ಆಗ್ಲಿ ಅಂತ ನಾನೇ ಸುಳ್ಳು ಹೇಳ್ದೆ."

"ಥೂ ನಿನ್ನ! ಹಂಗೇ ಅನ್ಕೊಂಡೆ. ಅವರ ಕಣ್ಣಿಂದ ಇದು ತಪ್ಪಿಸ್ಕೊಳ್ಳುತ್ತಾ? ಇನ್ಮೇಲೆ ನೀನು ಒಂದು ನಟ್ಟು ತಂದ್ರೂ ಮುಟ್ಟಲ್ಲ. ಭಾವನೇ ತರಲಿ."

ಬೇಕಾಗಿದ್ದಕ್ಕಿಂತ ಹೆಚ್ಚೇ ಸಿಕ್ಕಿತ್ತು. ಆದರೂ ಬೈಕಿನ ಹಿಂದೆ ಹಾಳಾದ ಹೆಡ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಭಾವನ ಹೊಟ್ಟೆಯುರಿ ಇಳಿಯಲಿಲ್ಲ. ಅಷ್ಟು ಉಗಿಸಿಕೊಂಡೂ ಇವನು ಹೇಗೆ ಆರಾಮಾಗಿ ಗಾಡಿ ಓಡಿಸುತ್ತಾನೆ! ತನಗೇಕೆ ಈ ಗುಣ ಬರಲಿಲ್ಲ?

"ಯಾಕೋ ಹಂಗೆ ಹೇಳ್ದೆ?"

ಬಾಮೈದ ಗಾಡಿ ನಿಧಾನ ಮಾಡಿದ. "ನನ್ನನ್ನ ನಾಲ್ಕು ದಿನ ಬೈತಾರೆ, ಮರೀತಾರೆ. ನಿಮಗೆ ಕಣ್ಣು ಸರಿಯಾಗಿ ಕಾಣ್ತಿಲ್ಲ ಅಂತ ಗೊತ್ತಾದ್ರೆ ಯಾರು ಭಾವ ಕೆಲಸ ಕೊಡ್ತಾರೆ? ಅಕ್ಕಂಗೂ ಹೇಳಲ್ಲ. ನಾಳೆ ಕಣ್ಣಿನ ಡಾಕ್ಟ್ರ ಹತ್ರ ಹೋಗೋಣ, ನಾನೇ ಕರ್ಕೊಂಡು ಹೋಗ್ತೀನಿ."

ಕಣ್ಣು ಚೆನ್ನಾಗೇ ಕಾಣುತ್ತದೆ ಕಣೋ ಅಂದರೆ ಭಾವ ಪಿನ್ನಿನ ಕಥೆಯನ್ನೂ ಹೇಳಬೇಕಿತ್ತು.

"ಹೂಂ, ಹೋಗೋಣ" ಅಂದ.